ಹತ್ತರಿಂದ ನಾಲ್ಕರವರೆಗೆ

ನಮ್ಮ ತಮ್ಮನಿಗೆ ಈಗ 37 ವರ್ಷ. ಚಿಕ್ಕಂದಿನಲ್ಲಿ ಕೇರಿಯವರು ಅವನನ್ನು ‘ಭೋಲಾ’ ಎನ್ನುತ್ತಿದ್ದರು. ಉರ್ದುವಿನಲ್ಲಿ ಅದು ಬೈಗುಳವಲ್ಲ. ಕಪಟ ಗೊತ್ತಿಲ್ಲದವನು ಎಂದರ್ಥ. ಕನ್ನಡ ಶಾಲೆಯ ಮೇಷ್ಟ್ರು ‘ಮಂದಬುದ್ಧಿ’ ಎಂದರು. ಆಸ್ಪತ್ರೆಯ ಚೀಟಿಯಲ್ಲಿ ‘ಬುದ್ಧಿಮಾಂದ್ಯ’ ಎಂದು ಬರೆದುಕೊಟ್ಟರು. 2016ರ ಕಾಯ್ದೆ ಬಂದ ಮೇಲೆ ಕಾಗದಪತ್ರಗಳಲ್ಲಿ ಆ ಪದ ಹೋಗಿ ‘ಬೌದ್ಧಿಕ ವಿಕಲತೆ’ ಬಂತು. ಹೆಸರು ಸಭ್ಯವಾಗುತ್ತಾ ಹೋದದ್ದು ಒಳ್ಳೆಯದೇ. ಆದರೆ ಬೆಳಗಾದ ಮೇಲೆ ಅವನು ಎಲ್ಲಿಗೆ ಹೋಗಬೇಕು, ಸಂಜೆಯವರೆಗೆ ಏನು ಮಾಡಬೇಕು ಎಂಬುದಕ್ಕೆ ಈ ಯಾವ ಹೆಸರಿನಿಂದಲೂ ಉತ್ತರ ಸಿಗಲಿಲ್ಲ.

ನಾವು ಎಂದರೆ ಅಮ್ಮಿ, ದಮ್ಮಾಮಿನಲ್ಲಿರುವ ಭಾಯಿಜಾನ್, ಬೆಳ್ತಂಗಡಿ ಕಡೆಗೆ ಕೊಟ್ಟಿರುವ ತಂಗಿ ಮತ್ತು ಇದನ್ನು ಬರೆಯುತ್ತಿರುವವರು. ಈ ತಮ್ಮನ ವಿಷಯ ಬಂದಾಗ ನಮ್ಮ ಮನೆಯಲ್ಲಿ ಯಾರೂ ‘ನಾನು’ ಎಂದು ಮಾತಾಡುವುದಿಲ್ಲ. ಅವನನ್ನು ನೋಡಿಕೊಳ್ಳುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ನಮ್ಮದು ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲೂಕು ಊರು. ಅಬ್ಬಾ ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. 2016ರಲ್ಲಿ ತೀರಿಕೊಂಡರು.

1998ರಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ಪಟ್ಟಣದಲ್ಲಿ ಒಂದು ಸೇವಾಸಂಸ್ಥೆಯವರು ವಿಶೇಷ ಶಾಲೆ ತೆರೆದರು. ತಮ್ಮನಿಗೆ ಆಗ ಹತ್ತು ವರ್ಷ. ಒಂಬತ್ತೂವರೆಗೆ ಟೆಂಪೋ ಬರುತ್ತಿತ್ತು, ನಾಲ್ಕೂವರೆಗೆ ಮರಳಿ ಬಿಡುತ್ತಿತ್ತು. ಹತ್ತರಿಂದ ನಾಲ್ಕರವರೆಗೆ ಶಾಲೆ. ಅಲ್ಲಿ ಅವನು ಅಕ್ಷರ ಕಲಿಯಲಿಲ್ಲ. ಗುಂಡಿ ಹಾಕಿಕೊಳ್ಳುವುದು, ಊಟಕ್ಕೆ ಮೊದಲು ಕೈ ತೊಳೆಯುವುದು, ಸರದಿಯಲ್ಲಿ ನಿಲ್ಲುವುದು ಕಲಿತ. ಹದಿನೈದರ ಸುಮಾರಿಗೆ ಔಷಧಿ ಅಂಗಡಿಗೆ ಬೇಕಾಗುವ ಕಾಗದದ ಕವರ್ ಅಂಟಿಸುವುದನ್ನು ಕಲಿಸಿದರು. ಹತ್ತು ಕವರಿಗೆ ಒಂದು ಕಟ್ಟು. ಎಣಿಸಲು ಬಾರದ ಅವನು ಹತ್ತನ್ನು ಹೇಗೆ ಗುರುತಿಸುತ್ತಿದ್ದ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಕಟ್ಟಿನಲ್ಲಿ ಒಂಬತ್ತಾಗಲಿ ಹನ್ನೊಂದಾಗಲಿ ಎಂದೂ ಇರುತ್ತಿರಲಿಲ್ಲ. ಶನಿವಾರ ಇಪ್ಪತ್ತು ರೂಪಾಯಿ ಕೊಡುತ್ತಿದ್ದರು. ಅದನ್ನು ನೇರವಾಗಿ ತಂದು ಅಬ್ಬಾನ ಶೆರ್ವಾನಿಯ ಜೇಬಿಗೆ ಹಾಕುತ್ತಿದ್ದ. ಹೊರೆ ಎಂದು ನೆಂಟರು ಎಣಿಸಿದ್ದ ಮಗ ಶನಿವಾರ ಸಂಜೆ ಮನೆಗೆ ಸಂಬಳ ತರುತ್ತಿದ್ದ.

ಕಾನೂನಿನ ಪ್ರಕಾರ ಇಂಥ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಇರುವುದು 18 ವರ್ಷದವರೆಗೆ. ಶಾಲೆಗೆ ಬರುವ ಅನುದಾನವೂ ಮಕ್ಕಳ ತಲೆ ಎಣಿಸಿ ಬರುತ್ತದೆ; ಅದಕ್ಕೊಂದು ವಯಸ್ಸಿನ ಮಿತಿ. ಆ ಮಿತಿ ದಾಟಿದ ಮೇಲೂ ಅವರು ತಮ್ಮನನ್ನು ಕೆಲವು ವರ್ಷ ಇಟ್ಟುಕೊಂಡರು. ಮುಖ್ಯೋಪಾಧ್ಯಾಯಿನಿ ಒಮ್ಮೆ ನಮ್ಮನ್ನು ಕರೆಸಿ, ತೀರಾ ಸಂಕೋಚದಿಂದ ಹೇಳಿದರು: “ಸಾರ್, ಇವನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲ. ಇವನ ಊಟ ಬೇರೆ ಮಕ್ಕಳ ತಟ್ಟೆಯಿಂದ ಬರ್ತಿದೆ.” ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಾಧ್ಯವೇ ಇರಲಿಲ್ಲ. ಸ್ವತಃ ಅವರಿಗೇ ಐದು ತಿಂಗಳಿನಿಂದ ಗೌರವಧನ ಬಂದಿರಲಿಲ್ಲ. 2012ರ ಬೇಸಿಗೆ ರಜೆಯ ನಂತರ ಟೆಂಪೋ ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ.

ಆ ವರ್ಷವೆಲ್ಲ ಅವನು ಒಂಬತ್ತೂವರೆಗೆ ಚೀಲ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಹನ್ನೊಂದಾದರೂ ಏಳುತ್ತಿರಲಿಲ್ಲ. ಮುಂದಿನ ವರ್ಷ ಕೂರುವುದನ್ನು ಬಿಟ್ಟ, ಹೊರಟುಹೋಗುವುದನ್ನು ಶುರು ಮಾಡಿದ. ಒಮ್ಮೆ ರೈಲು ನಿಲ್ದಾಣದಲ್ಲಿ ಸಿಕ್ಕಿದ, ಇನ್ನೊಮ್ಮೆ ಹೆದ್ದಾರಿಯ ಡಾಬಾದಲ್ಲಿ. ಮುಂಬಾಗಿಲಿಗೆ ಒಳಗಿನಿಂದ ಬೀಗ ಬಿತ್ತು. ಬೀಗ ಬಿದ್ದ ಮೇಲೆ ಸಿಟ್ಟು ಬಂತು, ನಲ್ಲಿ ಮುರಿಯಿತು, ಕನ್ನಡಿ ಒಡೆಯಿತು. ಡಾಕ್ಟರು ಮಾತ್ರೆ ಬರೆದರು, ಆರು ತಿಂಗಳಿಗೆ ಅದನ್ನು ಎರಡು ಮಾಡಿದರು. ಈಗ ಮಧ್ಯಾಹ್ನದ ಹೊತ್ತಿಗೆ ಅವನು ನಿದ್ದೆಯಲ್ಲಿರುತ್ತಾನೆ. ಬೆರಳುಗಳು ಕವರ್ ಅಂಟಿಸುವುದನ್ನು ಮರೆತಿವೆ. ಕಥೆಗಳಲ್ಲಿ ಇಂಥ ಪಾತ್ರ ಬಂದರೆ ಕೊನೆಯ ಪುಟದಲ್ಲಿ ಕೆರೆಗೋ ರೈಲಿಗೋ ಹೋಗಿಬಿಡುತ್ತದೆ, ಇಲ್ಲವೇ ಎಲ್ಲರಿಗೂ ತಿಳಿಯದ ಒಂದು ಸತ್ಯ ಹೇಳಿ ಸಂತನಾಗುತ್ತದೆ. ಮನೆಯಲ್ಲಿ ಅವೆರಡೂ ನಡೆಯುವುದಿಲ್ಲ. ಮನೆಯಲ್ಲಿ ಹಗಲು ಕಳೆಯಬೇಕು.

ಅಮ್ಮಿಗೆ 74. ಕಳೆದ ಹದಿಮೂರು ವರ್ಷಗಳಲ್ಲಿ ಅವರು ಒಂದು ನಿಕಾಹಿನಲ್ಲೂ ಊಟದವರೆಗೆ ಕೂತಿಲ್ಲ. “ಮೈ ಹೂಂ ತೋ ಠೀಕ್, ಬಾದ್ ಮೇಂ ಕೌನ್ ದೇಖ್ತೆ?” ಎನ್ನುತ್ತಾರೆ. ನಾನಿರುವವರೆಗೆ ಸರಿ, ಆಮೇಲೆ ಯಾರು ನೋಡುತ್ತಾರೆ ಎಂದು. ಇಂಥ ಮಗುವನ್ನು ಹೆತ್ತ ಯಾವ ತಾಯಿಯನ್ನು ಮಾತಾಡಿಸಿದರೂ ಕೊನೆಗೆ ಇದೇ ಮಾತಿಗೆ ಬಂದು ನಿಲ್ಲುತ್ತಾರೆ. ಜಾತಿ ಧರ್ಮದ ವ್ಯತ್ಯಾಸ ಇದರಲ್ಲಿ ನಮಗೆ ಕಂಡಿಲ್ಲ.

ಸರಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಂದ್ರ ಸರಕಾರ 1999ರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವಿಕಲತೆ ಇರುವವರಿಗಾಗಿಯೇ ಕಾಯ್ದೆ ಮಾಡಿ ರಾಷ್ಟ್ರೀಯ ನ್ಯಾಸವನ್ನು ಸ್ಥಾಪಿಸಿತು. ಮಕ್ಕಳು ವಯಸ್ಕರಾದ ಮೇಲೆ ಅವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಜಿಲ್ಲಾ ಮಟ್ಟದ ಸಮಿತಿ ಇದೇ ಕಾಯ್ದೆಯಿಂದ ಬಂತು. ‘ನಿರಾಮಯ’ ಎಂಬ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ. ಹತ್ತು ವರ್ಷ ದಾಟಿದವರ ಹಗಲು ಆರೈಕೆಗೆ ‘ವಿಕಾಸ್’, 18 ದಾಟಿದವರು ಗುಂಪಾಗಿ ವಾಸಿಸುವ ಮನೆಗೆ ‘ಘರೌಂದಾ’ ಎಂಬ ಯೋಜನೆಗಳನ್ನು ಆಮೇಲೆ ತಂದರು. ಇದಲ್ಲದೆ ದೀನದಯಾಳ್ ಪುನರ್ವಸತಿ ಯೋಜನೆಯಲ್ಲಿ ಸಂಸ್ಥೆಗಳ ಖರ್ಚಿನ ಶೇ. 90ರವರೆಗೆ ಕೇಂದ್ರ ಭರಿಸುವ ಅವಕಾಶವಿದೆ. ನಮ್ಮ ರಾಜ್ಯ ಸರಕಾರವೂ ವಿಶೇಷ ಶಾಲೆಗಳಿಗೆ ಶಿಶುಕೇಂದ್ರಿತ ಅನುದಾನ ಕೊಡುತ್ತದೆ.

ಇವನ್ನೆಲ್ಲ ಓದಿದ ಮೇಲೆ, ಹಾಗಿದ್ದರೆ ನಿಮ್ಮ ತಮ್ಮ ಯಾಕೆ ಮನೆಯಲ್ಲಿ ಮಲಗಿದ್ದಾನೆ ಎಂದು ಓದುಗರು ಕೇಳಬಹುದು. ನಾವೂ ಒಂದು ಕಚೇರಿಯಲ್ಲಿ ಇದನ್ನೇ ಕೇಳಿದೆವು. ಅಲ್ಲಿದ್ದವರು ಒಳ್ಳೆಯ ಮನುಷ್ಯರು, ಕುರ್ಚಿ ಕೊಟ್ಟು ಕೂರಿಸಿ ವಿವರಿಸಿದರು. ಈ ಹಣ ವ್ಯಕ್ತಿಗೆ ಬರುವುದಲ್ಲ, ಸಂಸ್ಥೆಗೆ ಬರುವುದು. ನೋಂದಾಯಿತ ಸಂಸ್ಥೆಯೊಂದು ಮುಂದೆ ಬರಬೇಕು, ಕಟ್ಟಡ ತೋರಿಸಬೇಕು, ತರಬೇತಾದ ಸಿಬ್ಬಂದಿ ತೋರಿಸಬೇಕು, ಅರ್ಜಿ ಹಾಕಬೇಕು, ತಪಾಸಣೆ ಆಗಬೇಕು. “ನಿಮ್ಮ ತಾಲೂಕಿನಿಂದ ಯಾವ ಸಂಸ್ಥೆಯೂ ಅರ್ಜಿ ಹಾಕಿಲ್ಲವಲ್ಲ ಸಾರ್” ಎಂದರು. ಅಲ್ಲಿಗೆ ಮಾತು ಮುಗಿಯಿತು.

ನಮಗೆ ಇಲ್ಲೇ ಇಡೀ ವ್ಯವಸ್ಥೆಯ ಗಂಟು ಇದೆ ಎನಿಸುತ್ತದೆ. ಊರಿನಲ್ಲಿ ಹತ್ತು ಮಕ್ಕಳಿದ್ದು ಶಾಲೆ ಇಲ್ಲದಿದ್ದರೆ, ಯಾವುದಾದರೂ ಸಂಸ್ಥೆ ಬಂದು ಶಾಲೆ ತೆರೆಯಲಿ ಎಂದು ಸರಕಾರ ಕಾಯುತ್ತಾ ಕೂರುವುದಿಲ್ಲ. ಅಂಗನವಾಡಿಗೂ ಆರೋಗ್ಯ ಉಪಕೇಂದ್ರಕ್ಕೂ ಇಷ್ಟು ಜನಸಂಖ್ಯೆಗೆ ಒಂದು ಎಂದು ಲೆಕ್ಕವಿದೆ. ಬುದ್ಧಿ ಬೆಳೆಯದ ವಯಸ್ಕರಿಗೆ ಮಾತ್ರ ಇಂಥ ಲೆಕ್ಕವಿಲ್ಲ. ಪುಣ್ಯವಂತರು ಯಾರಾದರೂ ಬರುವವರೆಗೆ ಹಣ ಅಲ್ಲೇ ಇರುತ್ತದೆ, ಇವರು ಇಲ್ಲೇ ಇರುತ್ತಾರೆ. 2011ರ ಜನಗಣತಿ ನಮ್ಮ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತ್ತು. ಅವರಲ್ಲಿ ಬುದ್ಧಿಮಾಂದ್ಯರು ಸುಮಾರು 94 ಸಾವಿರ. ಮನೆಯವರು ಮುಚ್ಚಿಟ್ಟವರು ಆ ಎಣಿಕೆಯಲ್ಲಿ ಬಂದಿರಲಾರರು.

2016ರ ಕಾಯ್ದೆ ದೊಡ್ಡ ಮನಸ್ಸಿನ ಕಾಯ್ದೆ. ವಿಕಲಚೇತನರು ಇಂಥದೇ ಜಾಗದಲ್ಲಿ ಬದುಕಬೇಕು ಎಂಬ ಬಲವಂತ ಇರಕೂಡದು, ಮನೆಯಲ್ಲೂ ಸಮುದಾಯದಲ್ಲೂ ಬೇಕಾದ ನೆರವು ಸಿಗಬೇಕು ಎಂದು ಅದರ ಐದನೆಯ ಕಲಮು ಹೇಳುತ್ತದೆ. ಆದರೆ ಸರಕಾರ ಅದಕ್ಕಾಗಿ ಪ್ರಯತ್ನ ಮಾಡಬೇಕು ಎಂದಷ್ಟೇ ಅಲ್ಲಿರುವುದು. ಸಾಮಾಜಿಕ ಭದ್ರತೆಯ ಕಲಮಿನಲ್ಲೂ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಅರ್ಥದ ಮಾತು ಸೇರಿಕೊಂಡಿದೆ. ಅಬ್ಬಾ ಇದ್ದಿದ್ದರೆ ಇಂಥ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದರು. ಬಡತನ ರೇಖೆಗಿಂತ ಕೆಳಗಿರುವ, ಶೇ. 80ರಷ್ಟು ವಿಕಲತೆ ಇರುವವರಿಗೆ ಕೇಂದ್ರ ಕೊಡುವ ಮಾಸಾಶನದ ಪಾಲು ತಿಂಗಳಿಗೆ 300 ರೂಪಾಯಿ. 2012ರಿಂದ ಅದು ಹಾಗೇ ಇದೆ. ರಾಜ್ಯ ತನ್ನ ಪಾಲು ಸೇರಿಸಿ ಹೆಚ್ಚು ಕೊಡುತ್ತದೆ ನಿಜ, ಆದರೆ ಆ ಹಣಕ್ಕೆ ಹಗಲು ಹೊತ್ತು ಒಬ್ಬ ಮನುಷ್ಯನನ್ನು ಯಾರೂ ನೋಡಿಕೊಳ್ಳಲಾರರು.

ಹಾಗಾದರೆ ವಸತಿ ಕೇಂದ್ರಕ್ಕೆ ಸೇರಿಸಿಬಿಡಿ ಎಂದು ಬಂಧುಗಳು ಹೇಳುತ್ತಾರೆ. ಭಾಯಿಜಾನ್ ರಜೆಯಲ್ಲಿ ಬಂದಾಗ ನಾವು ದೊಡ್ಡ ಊರಿನ ಒಂದು ಖಾಸಗಿ ಕೇಂದ್ರಕ್ಕೆ ಹೋಗಿ ನೋಡಿದೆವು. ಸ್ವಚ್ಛವಾಗಿತ್ತು, ತೋಟವಿತ್ತು. ಠೇವಣಿ ಮೂರು ಲಕ್ಷ, ತಿಂಗಳಿಗೆ 18 ಸಾವಿರ. ಭಾಯಿಜಾನ್ ಕೊಡುತ್ತೇನೆ ಎಂದರು, ಆದರೆ ಅವರ ನೌಕರಿಯ ಒಪ್ಪಂದ ಎರಡೆರಡು ವರ್ಷದ್ದು, ತಮ್ಮನ ಆಯುಷ್ಯ ಅಲ್ಲಾಹನ ಕೈಯಲ್ಲಿರುವುದು.

ಇನ್ನು ಸರಕಾರವೇ ನಡೆಸುವ ದೊಡ್ಡ ವಸತಿಗೃಹಗಳು. ದೆಹಲಿಯ ರೋಹಿಣಿಯಲ್ಲಿರುವ ‘ಆಶಾ ಕಿರಣ್’ ಬೌದ್ಧಿಕ ವಿಕಲತೆಯವರಿಗೆಂದೇ ದೆಹಲಿ ಸರಕಾರ ನಡೆಸುವ ಆಶ್ರಯ. 2024ರ ಜುಲೈ ಒಂದೇ ತಿಂಗಳಲ್ಲಿ ಅಲ್ಲಿ 14 ಮಂದಿ ಸತ್ತರು. ಮಂಜೂರಾದ ಸಂಖ್ಯೆಗಿಂತ ಎಷ್ಟೋ ಹೆಚ್ಚು ಜನರನ್ನು ಅಲ್ಲಿ ತುಂಬಿದ್ದರೆಂಬುದು ಆಗ ಪತ್ರಿಕೆಗಳಲ್ಲಿ ಬಂತು. ಅದಕ್ಕೂ ಮೊದಲು, 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಚಂಡೀಗಢದ ಪ್ರಕರಣದಲ್ಲಿ, ಸರಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ವಿಕಲತೆಯ ಯುವತಿಯ ಮೇಲೆ ಅತ್ಯಾಚಾರ ನಡೆದು ಆಕೆ ಗರ್ಭಿಣಿಯಾಗಿದ್ದಳು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಇಂಥ ಆರೈಕೆ ಗೃಹಗಳನ್ನೆಲ್ಲ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಮೂಲಕ ಪರಿಶೀಲಿಸಲು ಆದೇಶಿಸಿದೆ. ಒಳ್ಳೆಯದಾಗಲಿ. ಆದರೆ ಅಮ್ಮಿಗೆ ಆ ಜುಲೈನ ಸುದ್ದಿ ಯಾರೋ ಓದಿ ಹೇಳಿದ್ದಾರೆ. ವಸತಿ ಕೇಂದ್ರ ಎಂಬ ಮಾತನ್ನೇ ಈಗ ಮನೆಯಲ್ಲಿ ಎತ್ತುವಂತಿಲ್ಲ.

ನಮ್ಮ ಜನ ದಾನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ತಮ್ಮ ಹೋಗುತ್ತಿದ್ದ ಶಾಲೆ ಅರ್ಧ ನಡೆಯುತ್ತಿದ್ದದ್ದೇ ದಾನದಿಂದ. ಶ್ರಾವಣದಲ್ಲಿ ಅನ್ನದಾನ, ರಂಜಾನಿನಲ್ಲಿ ಬಟ್ಟೆ, ವರ್ಷವಿಡೀ ಯಾರದೋ ಹುಟ್ಟುಹಬ್ಬದ ಕೇಕು. ಒಂದೇ ವಾರದಲ್ಲಿ ಮೂರು ಸಲ ಬಿರಿಯಾನಿ ಬಂದು ಮಕ್ಕಳ ಹೊಟ್ಟೆ ಕೆಟ್ಟದ್ದೂ ಉಂಟು. ಆದರೆ ಆಯಾಳ ಸಂಬಳಕ್ಕೆ, ಟೆಂಪೋದ ಡೀಸೆಲಿಗೆ ದಾನಿಗಳು ಸಿಗುವುದು ಕಷ್ಟ. ನಮ್ಮಲ್ಲಿ ಇದಕ್ಕೊಂದು ಧಾರ್ಮಿಕ ಕಾರಣವೂ ಇದೆ. ಝಕಾತಿನ ಹಣವನ್ನು ಬಡವನ ಕೈಗೆ, ಅವನ ಸ್ವತ್ತಾಗುವಂತೆ ಕೊಡಬೇಕು, ಕಟ್ಟಡಕ್ಕೂ ಸಂಬಳಕ್ಕೂ ಬಳಸಬಾರದು ಎಂಬುದು ಹನಫಿ ಉಲೇಮಾಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಅದರ ಹಿಂದಿನ ಕಾಳಜಿ ಸರಿಯಾದದ್ದೇ, ನಡುವಿನವರು ತಿಂದುಹಾಕಬಾರದು ಎಂದು. ಆದರೆ ತಮ್ಮನಿಗೆ ಬೇಕಿರುವುದು ಬಟ್ಟೆಯಲ್ಲ, ಅವನ ಪಕ್ಕ ಕೂತುಕೊಳ್ಳುವ ಒಬ್ಬ ಮನುಷ್ಯ. ಆ ಮನುಷ್ಯನಿಗೆ ತಿಂಗಳು ತಿಂಗಳು ಸಂಬಳ ಬೇಕು. ಇದು ರಂಜಾನಿನಿಂದ ರಂಜಾನಿಗೆ ಬರುವ ಹಣದಿಂದ ಆಗುವಂಥದ್ದಲ್ಲ. ಝಕಾತನ್ನು ಪಡೆಯುವವನ ‘ಹಕ್’ ಎಂದು ನಮಗೆ ಮದರಸದಲ್ಲೇ ಹೇಳಿಕೊಟ್ಟಿದ್ದರು, ಕೊಡುವವನ ಉಪಕಾರವಲ್ಲ ಎಂದು. ಕನ್ನಡದ ‘ಹಕ್ಕು’ ಆ ಪದದಿಂದಲೇ ಬಂದದ್ದು. ಸರಕಾರದ ಖಜಾನೆಯ ಬಗ್ಗೆ ಮಾತಾಡುವಾಗ ಹಿಂದೂ ಮುಸ್ಲಿಂ ಎನ್ನದೆ ನಾವೆಲ್ಲ ಅದನ್ನು ಯಾಕೋ ಮರೆತು ಕೈ ಮುಗಿಯತೊಡಗುತ್ತೇವೆ.

ಹೀಗಿರುವಾಗ, ಬೇರೆ ರೀತಿಯಲ್ಲೂ ಆಗಬಹುದು ಎಂಬುದನ್ನು ನಾವು ತಿಳಿದದ್ದು ತಂಗಿಯ ಊರಿನ ಕಡೆಯಿಂದ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಹೆಸರು ಕೇಳದವರು ಕಡಿಮೆ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಸುಮಾರು ಎರಡು ದಶಕ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಸುತ್ತಿನ ಮನೆಗಳಲ್ಲಿ ಅಂಗವೈಕಲ್ಯದ, ಬುದ್ಧಿ ಬೆಳೆಯದ ಮಕ್ಕಳು ಸಾಲಾಗಿ ಹುಟ್ಟಿದರು. ಜನ ಹೋರಾಡಿದರು, ಹೈಕೋರ್ಟಿನ ಮೆಟ್ಟಿಲೇರಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. ಈ ಸಂತ್ರಸ್ತರಿಗೆ ಬೇರೆ ವಿಕಲಚೇತನರಿಗಿಂತ ಹೆಚ್ಚಿನ ಮಾಸಾಶನ ಬಂತು. ಕೊಕ್ಕಡದಲ್ಲೂ ಕೊಯಿಲದಲ್ಲೂ ಸರಕಾರದ ಹಣದಿಂದ ಹಗಲು ಪಾಲನಾ ಕೇಂದ್ರಗಳು ನಡೆದವು. ಬೆಳಿಗ್ಗೆ ವಾಹನ ಮನೆಯ ಹತ್ತಿರ ಬರುತ್ತದೆ, ಸಂಜೆ ಮರಳಿ ಬಿಡುತ್ತದೆ. ಅಲ್ಲಿಯ ಹೋರಾಟಗಾರರಿಗೆ ಇದು ಸಾಲದು. ತಂದೆತಾಯಿ ಇಲ್ಲವಾದ ಮೇಲೆ ಇರಲು ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂದು ಅವರು ಕೇಳುತ್ತಲೇ ಬಂದಿದ್ದಾರೆ. ಆದರೂ ತಂಗಿ ಫೋನಿನಲ್ಲಿ ಆ ವಾಹನದ ವಿಷಯ ಹೇಳಿದಾಗ ಅಮ್ಮಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಆ ಜನರಿಗೆ ಸಿಕ್ಕಿದ್ದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರು ಕಳೆದುಕೊಂಡದ್ದಕ್ಕೆ ಅದು ಏನೂ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅಲ್ಲಿ ವಿಷ ಹಾಕಿದವರು ಯಾರು ಎಂದು ಗೊತ್ತಿತ್ತು, ಅದು ಸರಕಾರದ್ದೇ ನಿಗಮ. ಹಾಗಾಗಿ ಪರಿಹಾರ ಎಂಬ ಹೆಸರಿನಲ್ಲಿ ಹಣ ಹೊರಗೆ ಬಂತು. ನಮ್ಮ ತಮ್ಮನ ಮೆದುಳಿಗೆ ಹೆರಿಗೆಯ ಹೊತ್ತಿನಲ್ಲಿ ಉಸಿರು ಸಾಲಲಿಲ್ಲ ಎಂದರು ಡಾಕ್ಟರು. ತಪ್ಪಿತಸ್ಥ ಸಿಗದ ಕಡೆ ಅದು ಮನೆಯವರ ಹಣೆಬರಹ. ಎರಡೂ ಮನೆಗಳಲ್ಲಿ ತಾಯಂದಿರಿಗೆ ಬೆಳಿಗ್ಗೆ ಹತ್ತು ಗಂಟೆ ಒಂದೇ ರೀತಿ ಆಗುತ್ತದೆ.

ಗಡಿ ದಾಟಿದರೆ ಕಾಸರಗೋಡು. ಅಲ್ಲೂ ಅದೇ ವಿಷ, ಅದೇ ಸಂಕಟ. ಆದರೆ ಕೇರಳದಲ್ಲಿ ‘ಬಡ್ಸ್’ ಎಂಬ ಶಾಲೆಗಳು ವಿಷ ಬಿದ್ದ ಊರುಗಳಿಗೆ ಮಾತ್ರ ಮೀಸಲಲ್ಲ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರು ಪಂಚಾಯತಿನಲ್ಲಿ ಮೊದಲನೆಯದು ಶುರುವಾಯಿತು. ನಡೆಸುವುದು ಗ್ರಾಮ ಪಂಚಾಯತು ಮತ್ತು ನಗರಸಭೆಗಳು, ಕುಟುಂಬಶ್ರೀ ಮಹಿಳೆಯರ ಜೊತೆಗೂಡಿ. 18ರವರೆಗೆ ಬಡ್ಸ್ ಶಾಲೆ, 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ಕನ್ನಡ ಮಾತಾಡುವ ಎಣ್ಮಕಜೆಯಲ್ಲೂ ಇಂಥ ಶಾಲೆ ಇದೆ. ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಸಿಬ್ಬಂದಿಯ ಸಂಬಳದ ತಕರಾರು ಅಲ್ಲೂ ಇದೆ. ಆದರೆ ಅಲ್ಲಿಯ ತಾಯಿ ಜಗಳವಾಡಲು ಹೋಗುವುದು ತಾನು ಓಟು ಹಾಕಿದ ಪಂಚಾಯತು ಮೆಂಬರನ ಹತ್ತಿರ. ಯಾವುದೋ ಸಂಸ್ಥೆಯ ದಯೆಗೆ ಅವಳು ಕಾಯಬೇಕಾಗಿಲ್ಲ.

ನಮ್ಮಲ್ಲೂ ಸ್ಥಳೀಯ ಸಂಸ್ಥೆಗಳು ಶೇ. 5ರಷ್ಟು ಹಣವನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ನಮ್ಮ ಊರಿನಲ್ಲಿ ಅದು ಹೆಚ್ಚಾಗಿ ತ್ರಿಚಕ್ರ ವಾಹನಗಳಿಗೆ ಹೋಗುತ್ತದೆ. ಹೋಗಲಿ, ಕಾಲಿಲ್ಲದವರಿಗೆ ಅದು ಬೇಕೇ ಬೇಕು. ಸಾಲಾಗಿ ನಿಲ್ಲಿಸಿ, ಹಾರ ಹಾಕಿ, ಶಾಸಕರ ಕೈಯಿಂದ ಕೀಲಿಕೈ ಕೊಡಿಸಿ ಫೋಟೋ ತೆಗೆಸಬಹುದು. ಹತ್ತರಿಂದ ನಾಲ್ಕರವರೆಗೆ ಒಬ್ಬ ಹೆಂಗಸು ಇಪ್ಪತ್ತು ಜನರಿಗೆ ಕವರ್ ಅಂಟಿಸಲು ಕಲಿಸುವುದನ್ನು ಹಾಗೆ ಸಾಲಾಗಿ ನಿಲ್ಲಿಸಿ ಕೊಡಲು ಬರುವುದಿಲ್ಲ.

ನಾವು ಮನೆಯಲ್ಲಿ ಕೂತು ಒಂದು ಲೆಕ್ಕ ಹಾಕಿದೆವು. ಇಪ್ಪತ್ತು ಜನರ ಕೇಂದ್ರ. ಇಬ್ಬರು ಶಿಕ್ಷಕಿಯರಿಗೆ 15 ಸಾವಿರದಂತೆ 30, ಒಬ್ಬ ಆಯಾಗೆ 10, ವಾಹನಕ್ಕೆ 20, ಬಾಡಿಗೆಗೆ 8, ಊಟ ಮತ್ತು ಸಾಮಾನಿಗೆ 12. ಒಟ್ಟು ತಿಂಗಳಿಗೆ 80 ಸಾವಿರ, ಅಂದರೆ ತಲೆಗೆ 4 ಸಾವಿರ. ನಾವು ನೋಡಿ ಬಂದ ವಸತಿ ಕೇಂದ್ರದ ಕಾಲು ಭಾಗಕ್ಕಿಂತ ಕಡಿಮೆ. ಪುರಸಭೆಯ ಹಳೆಯ ವಾಚನಾಲಯದ ಕಟ್ಟಡ ಖಾಲಿ ಬಿದ್ದಿದೆ, ಅದನ್ನು ಕೊಟ್ಟರೆ ಬಾಡಿಗೆಯೂ ಉಳಿಯುತ್ತದೆ. ಹಗಲು ಹೀಗೆ ಕಳೆದರೆ ರಾತ್ರಿ ನಾವು ನೋಡಿಕೊಳ್ಳಬಲ್ಲೆವು, ಅಮ್ಮಿಯ ನಂತರವೂ. ವಸತಿಗೃಹಗಳ ಬಾಗಿಲಲ್ಲಿ ನಿಂತಿರುವ ಎಷ್ಟೋ ಕುಟುಂಬಗಳು ಅಲ್ಲಿಗೆ ಬಂದಿರುವುದು ರಾತ್ರಿಯ ಕಷ್ಟದಿಂದಲ್ಲ, ಹಗಲಿನ ಕಷ್ಟದಿಂದ ಎಂದು ನಮ್ಮ ಗ್ರಹಿಕೆ.

ಕಳೆದ ಚಳಿಗಾಲದಲ್ಲಿ, ಮನೆ ಮನೆ ತಿರುಗುವ ಪುನರ್ವಸತಿ ಕಾರ್ಯಕರ್ತೆಯೊಬ್ಬರ ಜೊತೆ ನಾವು ಊರಿನ ಹನ್ನೊಂದು ಮನೆಗಳಿಗೆ ಹೋದೆವು. ಆ ಹುಡುಗಿಗೂ ಸಿಗುವುದು ಗೌರವಧನವೇ. ಗಾಣಿಗರ ಕೇರಿಯಲ್ಲಿ ಒಬ್ಬರು, ಕುಂಬಾರ ಓಣಿಯಲ್ಲಿ ಇಬ್ಬರು ಅಕ್ಕತಂಗಿಯರು, ನಮ್ಮ ಮೊಹಲ್ಲಾದಲ್ಲೇ ನಾಲ್ವರು, ಉಳಿದವರು ಹೊಸ ಬಡಾವಣೆಯಲ್ಲಿ. ಒಂದು ಮನೆಯಲ್ಲಿ 41 ವರ್ಷದ ಮಗನನ್ನು ಒಳಕೋಣೆಯಿಂದ ಹೊರಗೆ ಕರೆತರಲು ತಾಯಿ ಅರ್ಧ ಗಂಟೆ ತೆಗೆದುಕೊಂಡರು. ಹನ್ನೊಂದು ಮನೆಗಳ ಹೆಬ್ಬೆಟ್ಟು, ಸಹಿ ಹಾಕಿಸಿ, ಲೆಕ್ಕದ ಹಾಳೆ ಲಗತ್ತಿಸಿ ಪುರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಎರಡು ಸಲ ಹಿಂಬರಹ ಬಂತು. ಮೊದಲನೆಯದರಲ್ಲಿ ಇಂಥ ಕೇಂದ್ರ ನಡೆಸಲು ನಿಯಮವಿಲ್ಲ ಎಂದಿತ್ತು. ಶೇ. 5ರ ನಿಯಮದ ಪ್ರತಿಯನ್ನು ಲಗತ್ತಿಸಿ ಮತ್ತೆ ಕೊಟ್ಟೆವು. ಎರಡನೆಯದರಲ್ಲಿ, ಫಲಾನುಭವಿಗಳೆಲ್ಲರ ವಿಶಿಷ್ಟ ಗುರುತಿನ ಚೀಟಿ ಹಾಜರುಪಡಿಸಿದರೆ ಮುಂದಿನ ಸಾಲಿನ ಕ್ರಿಯಾಯೋಜನೆಯಲ್ಲಿ ಪರಿಶೀಲಿಸಲಾಗುವುದು ಎಂದಿದೆ. ಹನ್ನೆರಡು ಮಂದಿಯಲ್ಲಿ ಎಂಟು ಜನರ ಹತ್ತಿರ ಚೀಟಿ ಇದೆ. ಉಳಿದ ನಾಲ್ವರನ್ನು ಬುಧವಾರ ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಕರೆದುಕೊಂಡು ಹೋಗಬೇಕು. ಟೆಂಪೋಗೆ ಹೇಳಿಯಾಗಿದೆ, ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ.